ಅನ್‌ಹೆಡೋನಿಯ: ಒಂದು ‘ನ್’ ಕೊಟ್ಟ ಕಾಟ

‘ಅನ್‌ಹೆಡೋನಿಯ’ ಪದದ ಹುಟ್ಟು ಹುಡುಕುವಾಗ ಒಂದು ‘ನ್’ ಎಲ್ಲಿಂದ ಬಂತೆಂದು ತಿಳಿಯದೆ ಒದ್ದಾಡುತ್ತಿದ್ದೆ, ಕೊನೆಗೂ ಗಂಟು ಬಿಚ್ಚಿತು. ಪದಕ್ಕೊಂದು ಚೀಟಿ ಬರೆದು, ಅದರ ಧಾತು (ಮೂಲರೂಪ) ಜೋಡಿಸುವುದು ನನ್ನ ಕೆಲಸ, ನೇರ ತಲೆನೋವಿಗೇ ಬರೋಣ.

ಯಾವುದರಲ್ಲೂ ಖುಷಿ ಹುಟ್ಟದ ಸ್ಥಿತಿಗೆ ಇಂಗ್ಲಿಷಿನಲ್ಲಿ ‘ಅನ್‌ಹೆಡೋನಿಯ’. ಗ್ರೀಕಿನಲ್ಲಿ ‘ಹೇದೊನೇ’ ಅಂದರೆ ಸುಖ, ‘ಹೇದುಸ್’ ಅಂದರೆ ಸಿಹಿ. ಗ್ರೀಕ್, ಸಂಸ್ಕೃತಗಳ ಸಮಾನ ಮೂಲದ ‘ಸ್ವಾದ್’ನಲ್ಲಿ ಸಕಾರ ಹಕಾರವಾಯಿತು, ವಕಾರ ಉದುರಿತು, ‘ಆ’ ಹೋಗಿ ‘ಏ’ ಬಂತು. ನಮ್ಮ ‘ಸ್ವಾದ’, ಇಂಗ್ಲಿಷಿನ ‘ಸ್ವೀಟ್’ ಅದೇ ಬಳಗ. ಪಾಲು ಹಾಲಾದದ್ದನ್ನು ಕಂಡವರಿಗೆ ‘ಸಪ್ತ’ ಅಲ್ಲಿ ‘ಹೆಪ್ತ’ ಆದದ್ದೇನೂ ಪವಾಡವಲ್ಲ. ‘ಸಪ್ಪೆ’ಯನ್ನು ಮಾತ್ರ ಈ ಮರಕ್ಕೆ ಕಟ್ಟಬೇಡಿ. ಅರ್ಥ ಎಷ್ಟೇ ಒಗ್ಗಿದರೂ ಅದು ದ್ರಾವಿಡದ್ದು.

ಕಾಟ ಕೊಟ್ಟದ್ದು ‘ನ್’. ಸಂಸ್ಕೃತದಲ್ಲಿ ‘ಇಲ್ಲ’ ಎನ್ನಲು ಪದಕ್ಕೆ ಹಚ್ಚುವುದು ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’: ಅಜ್ಞಾನ, ಅನಂತ. ಗ್ರೀಕಿನಲ್ಲೂ ಇದೇ ಲೆಕ್ಕ. ಸಕಾರ ಇದ್ದ ಕಾಲದ ಸಮಾಸವಾದರೆ ಬರಿಯ ‘ಅ’ ಇರಬೇಕಿತ್ತು. ‘ಹುಪ್ನೊಸ್’ (ನಿದ್ದೆ) ತಾಳೆ ನೋಡಿ: ನಿದ್ದೆಗೆಟ್ಟವನು ‘ಅಉಪ್ನೊಸ್’, ಸಂಸ್ಕೃತದ ‘ಅಸ್ವಪ್ನ’ದ ಜೋಡಿ. ಅಲ್ಲಿ ‘ನ್’ ಸುಳಿವೇ ಇಲ್ಲ.

ಹಾಗಾದರೆ ‘ಸ್ವಾದ್’ಗೂ ಅಂಥದೊಂದು ಹಳೆಯ ರೂಪ ಇರಲೇಬೇಕು. ಇದೆ: ‘ಅಏದಿಯ’, ಅಂದರೆ ಅಹಿತ, ವಾಕರಿಕೆ. ಇದು ಬೇಗ ಸಿಗದಿದ್ದದ್ದಕ್ಕೆ ಕಾರಣ, ಹುಡುಕಿದ್ದು ಗ್ರೀಕ್ ನಿಘಂಟಿನ ‘ಹೇದ್’ ಪುಟಗಳಲ್ಲಿ. ಸಮಾಸ ಇರುವುದು ‘ಆಲ್ಫಾ’ (ಗ್ರೀಕಿನ ‘ಅ’) ಪುಟಗಳಲ್ಲಿ! ಜೊತೆಗೆ ಗ್ರೀಕಿನಲ್ಲಿ ಹಕಾರಕ್ಕೆ ಅಕ್ಷರವಿಲ್ಲ, ಸ್ವರದ ತಲೆಯ ಮೇಲೆ ಇರುವೆಯಷ್ಟು ಕೊಂಕು, ಅಷ್ಟೇ. ಸ್ಕ್ಯಾನ್ ಮಾಡಿದ ನಿಘಂಟು ಅದನ್ನು ಧೂಳೆಂದು ನುಂಗಿಬಿಡುತ್ತದೆ. ಚಿಹ್ನೆಗಳನ್ನೆಲ್ಲ ಕಿತ್ತು, ಬರೀ ಅಕ್ಷರ ಕೊಟ್ಟು ಹುಡುಕಿ.

ಹಾಗಾದರೆ ನಮ್ಮ ‘ನ್’? ಅದು ಹೊಸ ಮಾಲು. 1896ರಲ್ಲಿ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತೆಯೊದ್ಯೂಲ್ ರಿಬೊ ‘ಅನಾಲ್ಜೀಸಿಯ’ಕ್ಕೆ (ನೋವು ತಿಳಿಯದ ಸ್ಥಿತಿ) ಎದುರು ಜೋಡಿಯಾಗಿ ಟಂಕಿಸಿದ ಪದ ಇದು. ‘ಆಲ್ಗೊಸ್’ (ನೋವು) ಸ್ವರದಿಂದ ಶುರು, ಅಲ್ಲಿ ‘ನ್’ ಸಹಜ. ಹಕಾರವನ್ನು ಲೆಕ್ಕಕ್ಕೇ ಹಿಡಿಯದ ಮೇಲೆ ‘ಹೇದೊನೇ’ಗೂ ಅದೇ ‘ನ್’. ‘ಹೈಮ’ (ರಕ್ತ) ‘ಅನೀಮಿಯ’ ಆಗುವಾಗ ಹಕಾರವನ್ನು ಕಳೆದುಕೊಂಡಿತು, ಇಲ್ಲಿ ಉಳಿಯಿತು. ಈ ಬಳಗದಲ್ಲಿ ‘ನ್’ ಪಕ್ಕ ‘ಹ’ ಕಂಡರೆ ಅದು ಈಚೆಗೆ ಟಂಕಿಸಿದ ಪದವೆಂದೇ ಮೊದಲು ಅನುಮಾನಿಸಿ. 1902ರ ಹೊತ್ತಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್, ರಿಬೊ ಹೆಸರು ಹೇಳಿಯೇ ಇದನ್ನು ಇಂಗ್ಲಿಷಿನಲ್ಲಿ ಬಳಸಿದ್ದ.

ಮುಂದಿನ ಚೀಟಿ ‘ಹುದೋರ್’, ಅಂದರೆ ನೀರು. ನಮ್ಮ ‘ಉದಕ’ದ ನೆಂಟ. ಮೂಲದಲ್ಲಿ ಪದದ ತಲೆಗೆ ಸಕಾರವೇ ಇರಲಿಲ್ಲ, ಆದರೂ ಹಕಾರ ಬಂದು ಕೂತಿದೆ. ಅಥೆನ್ಸಿನವರು ಪದದ ಮೊದಲ ‘ಉ’ಗೆಲ್ಲ ‘ಹ’ ಹಚ್ಚಿಬಿಡುತ್ತಿದ್ದರು. ಹಾಗಾದರೆ ‘ಹುಪ್ನೊಸ್’ನ ಹಕಾರ ಸಕಾರದಿಂದ ಬಂತೋ, ಈ ಚಾಳಿಯಿಂದಲೋ? ಆ ಚೀಟಿಯನ್ನೂ ಈಗ ಇನ್ನೊಮ್ಮೆ ತೆಗೆದು ನೋಡಬೇಕು.