ಶೂಟಿಂಗ್ ರೇಂಜ್ ತೆರೆಯುವವರೇ, ಮುಚ್ಚಳಿಕೆ ಪತ್ರವನ್ನೇ ನಂಬಿ ಕೂರಬೇಡಿ

ಬಳ್ಳಾರಿ, ಕೊಪ್ಪಳದ ಕಡೆ ಒಂದು ಹಾಲ್ ಬಾಡಿಗೆ ಹಿಡಿದು 10 ಮೀಟರ್ ಏರ್ ರೈಫಲ್ ರೇಂಜ್ ಮಾಡಬೇಕೆಂದಿರುವವರಿಗೆ ಈ ಬರಹ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ಒಳವ್ಯಾಸ 4.5 ಮಿ.ಮೀ. ಮತ್ತು ಗುಂಡು ಹೊರಡುವಾಗಿನ ಶಕ್ತಿ 20 ಜೌಲ್ ಮೀರದ ಏರ್ ರೈಫಲ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಆದರೆ ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

'ಏನಾದರೂ ಆದರೆ ರೇಂಜಿನವರು ಜವಾಬ್ದಾರರಲ್ಲ' ಎಂದು ಸಹಿ ಹಾಕಿಸಿಕೊಳ್ಳುವ ಮುಚ್ಚಳಿಕೆ ಪತ್ರಕ್ಕೆ ಮಿತಿ ಬಹಳ. 18 ತುಂಬದವರ ಸಹಿ ಕರಾರೇ ಆಗುವುದಿಲ್ಲ. ಕಲಿಯಲು ಬರುವವರಲ್ಲಿ ಹೆಚ್ಚಿನವರು ಮಕ್ಕಳೇ. ನಿರ್ಲಕ್ಷ್ಯದಿಂದ ಒಬ್ಬರ ಕಣ್ಣು ಹೋದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಅಡಿ 3 ವರ್ಷದವರೆಗೆ ಶಿಕ್ಷೆಯಾಗಬಹುದು. ಅದನ್ನು ಯಾವ ಪತ್ರವೂ, ಯಾವ ವಿಮೆಯೂ ಹೊರುವುದಿಲ್ಲ. ಶುಲ್ಕ ಪಡೆದಿದ್ದರೆ ಗ್ರಾಹಕರ ಆಯೋಗದ ಬಾಗಿಲೂ ತೆರೆದೇ ಇರುತ್ತದೆ, ದೂರಿಗೆ 2 ವರ್ಷದ ಗಡುವಿದೆ. ಪತ್ರ ಬರೆಸಿಕೊಳ್ಳಿ, ಆದರೆ ನಿಯಮ ತಿಳಿಸಿದ್ದಕ್ಕೆ ಪುರಾವೆಯಾಗಿ ಮಾತ್ರ.

ವಿಮೆಯಲ್ಲಿ ಎಡವುವುದು ಹೆಸರಿನಲ್ಲೇ. 1991ರ ಪಬ್ಲಿಕ್ ಲಯಬಿಲಿಟಿ ಕಾಯ್ದೆ ಅಪಾಯಕಾರಿ ರಾಸಾಯನಿಕಗಳಂಥ ವಸ್ತುಗಳಿಗೆ ಸಂಬಂಧಿಸಿದ್ದು. ಆ ಕಾಯ್ದೆಯಡಿಯ ಪಾಲಿಸಿ ಕೊಂಡರೆ ದುಡ್ಡು ದಂಡ. ಬೇಕಾದದ್ದು ಉದ್ದಿಮೆಯೇತರ ಸ್ಥಳಗಳ ಹೊಣೆಗಾರಿಕೆ ಪಾಲಿಸಿ (ಪಬ್ಲಿಕ್ ಲಯಬಿಲಿಟಿ, ನಾನ್-ಇಂಡಸ್ಟ್ರಿಯಲ್). ಅದರಲ್ಲಿ ಒಂದು ಅಪಘಾತಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎಂಬ ಎರಡು ಮಿತಿ ಬೇರೆ ಬೇರೆ ಇರುತ್ತವೆ. ಗುರಿ ಹೊಡೆಯುವವರಿಗೇ ಆದ ಗಾಯವನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿ. ಹೊರಗಿಟ್ಟಿದ್ದರೆ ಗ್ರೂಪ್ ಅಪಘಾತ ವಿಮೆ ಪ್ರತ್ಯೇಕ ಮಾಡಿಸಿ. ಸಂಬಳದ ಕೋಚ್, ಸಹಾಯಕರಿಗೆ ನೌಕರರ ಪರಿಹಾರ ಪಾಲಿಸಿಯೇ ಬೇರೆ. ಅರ್ಜಿಯಲ್ಲಿ ಬರೀ 'ಕ್ರೀಡಾ ಕ್ಲಬ್' ಎಂದು ಬರೆಯುವುದು ದೊಡ್ಡ ತಪ್ಪು. ಏರ್ ರೈಫಲ್, ಎಷ್ಟು ಲೇನ್, ಮಕ್ಕಳ ವಯಸ್ಸು, ಮೋಜಿಗೆ ಬರುವವರಿಗೂ ಬಂದೂಕು ಕೊಡುತ್ತೀರಾ, ಎಲ್ಲ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಅದೇ ಸಾಕು.

ನಮ್ಮ ಕಡೆ ಗೋಡೆಗೆ ಗ್ರಾನೈಟ್, ಸೈಜುಗಲ್ಲು ಸಲೀಸಾಗಿ ಸಿಗುತ್ತವೆ. ಟಾರ್ಗೆಟ್ ಹಿಂದೆ ಬರಿಯ ಕಲ್ಲು ಬಿಡಲೇಬೇಡಿ. ಸೆಕೆಂಡಿಗೆ 170 ಮೀಟರ್ ವೇಗದ ಸೀಸದ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ನೇರ ಬಡಿದು ಚೂರಾಗಿ ವಾಪಸ್ ಬರುತ್ತದೆ. ಕೆಳಮುಖವಾಗಿ ಓರೆಯಾಗಿಸಿದ ಉಕ್ಕಿನ ತಗಡು, ಅದರಡಿ ಸೀಸ ಬೀಳಲು ಡಬ್ಬಿ ಇರಲಿ. ಗವಿಮಠದ ಜಾತ್ರೆಯಂಥ ಕಡೆ ಬಲೂನ್ ಹೊಡೆಯುವ ಅಂಗಡಿ ಹಾಕುವವರೂ ಇದನ್ನು ಪಾಲಿಸಿದರೆ ಪಕ್ಕದಲ್ಲಿ ನಿಂತ ಮಕ್ಕಳ ಕಣ್ಣು ಉಳಿಯುತ್ತವೆ. ಬಿದ್ದ ಸೀಸವನ್ನು ಒಣ ಪೊರಕೆಯಲ್ಲಿ ಗುಡಿಸಬಾರದು, ಧೂಳು ಎದ್ದು ಉಸಿರಿಗೆ ಸೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ಬಂದೂಕು ಹೊಡೆಯದ ಹೊತ್ತಿನಲ್ಲಿ ಬ್ಯಾರಲ್‌ಗೆ ಸೇಫ್ಟಿ ಫ್ಲ್ಯಾಗ್ (ಒಳಗೆ ಗುಂಡಿಲ್ಲವೆಂದು ತೋರಿಸುವ ಬಣ್ಣದ ದಾರ) ಹಾಕಿರಲೇಬೇಕು. 'ಸ್ಟಾಪ್' ಎಂದು ಯಾರೇ ಕೂಗಲಿ, ಎಲ್ಲರೂ ನಿಲ್ಲಿಸಬೇಕು. ಯಾರಾದರೂ ಟಾರ್ಗೆಟ್ ಕಡೆ ಹೋದಾಗ ಬಂದೂಕು ಮುಟ್ಟುವಂತಿಲ್ಲ. ರೈಫಲ್‌ಗೆ ಜೋಡಿಸುವ ಗಾಳಿ ಸಿಲಿಂಡರ್ ಮೇಲೆ ತಯಾರಕರು ಹಾಕಿದ ಅವಧಿ ನೋಡಿ, ಸಾಮಾನ್ಯವಾಗಿ 10 ವರ್ಷ. 200 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿದ್ದನ್ನು ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಡಬೇಡಿ.

ಅವಘಡವಾದರೆ ಮೊದಲು ಚಿಕಿತ್ಸೆ, ಕೂಡಲೇ ಪೊಲೀಸರಿಗೆ ಸುದ್ದಿ. ಆಮೇಲೆ ಬಂದೂಕು, ಟಾರ್ಗೆಟ್ ಇದ್ದ ಹಾಗೇ ಇರಲಿ. ಸಿಸಿಟಿವಿ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುವ ಮೊದಲೇ ಪ್ರತಿ ತೆಗೆದಿಡಿ. ವಿಮಾ ಕಂಪನಿಗೆ ಅದೇ ದಿನ ಲಿಖಿತವಾಗಿ ತಿಳಿಸಿ, ಅವರ ಒಪ್ಪಿಗೆಯಿಲ್ಲದೆ ಪರಿಹಾರದ ಮೊತ್ತ ಒಪ್ಪಿಕೊಳ್ಳಬೇಡಿ.