ಆರನೇ ಕ್ಲಾಸಿನವರೆಗೆ ಮಾರ್ಕ್ಸ್ ಇಲ್ಲದ ದೇಶದಲ್ಲಿ ಮಕ್ಕಳನ್ನು ಬೆಳೆಸುವುದು

ಸ್ವೀಡನ್ನಿನಲ್ಲಿ ಮಕ್ಕಳಿಗೆ ಹೊಡೆಯುವಂತಿಲ್ಲ ಅನ್ನುವುದು ಊರಲ್ಲೂ ಬಹಳ ಜನಕ್ಕೆ ಗೊತ್ತು. ಜಗತ್ತಿನಲ್ಲೇ ಮೊದಲು ಆ ಕಾನೂನು ಬಂದದ್ದು ಇಲ್ಲಿ, 1979ರಲ್ಲಿ. ಆಗ ಹಾಲಿನ ಪ್ಯಾಕೆಟ್ಟುಗಳ ಮೇಲೂ ಅದರ ಮಾಹಿತಿ ಅಚ್ಚು ಹಾಕಿಸಿದ್ದರು. ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ: ಮಗುವನ್ನು ಅವಮಾನಿಸಲೂ ಬಾರದು. ಇಲ್ಲಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಎಡವುವುದು ಈ ಮಾತಿನಲ್ಲೇ. ಕೈ ಕಟ್ಟಿಹಾಕಿದ ಮೇಲೆ ನಾಲಿಗೆ ಹರಿತವಾಗುತ್ತದೆ. "ಚಿಕ್ಕಪ್ಪನ ಮಗಳನ್ನ ನೋಡಿ ಕಲಿ", "ನಿನಗೋಸ್ಕರ ಇಷ್ಟು ದೂರ ಬಂದ್ವಿ, ನೀನು ನೋಡಿದ್ರೆ ಹೀಗೆ", ಆಮೇಲೆ ಎರಡು ದಿನ ಮಾತು ಬಿಡುವುದು. ಚೆನ್ನಾಗಿ ಓದಿದರೆ ಮಾತ್ರ ಅಮ್ಮನಿಗೆ ನಾನು ಬೇಕು ಎಂದು ಮಗುವಿಗೆ ಅನ್ನಿಸಿಬಿಟ್ಟರೆ ಅದು ತಪ್ಪನ್ನು ಮುಚ್ಚಿಡಲು ಕಲಿಯುತ್ತದೆ. ಹೀಗೆ ಮನಸ್ಸನ್ನು ಹಿಂಡುವುದಕ್ಕೂ ಮಕ್ಕಳ ಆತಂಕ, ಖಿನ್ನತೆಗೂ ನಂಟಿರುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಇನ್ನು ಕೆಲವರು ಕಾನೂನಿಗೆ ಹೆದರಿ ಪೂರ್ತಿ ಕೈಚೆಲ್ಲುತ್ತಾರೆ. ರಾತ್ರಿ ಹನ್ನೊಂದಾದರೂ ಮಗುವಿನ ಕೈಯಲ್ಲಿ ಟ್ಯಾಬ್. ಬೇಡ ಅನ್ನುವುದನ್ನು ಯಾವ ಕಾನೂನೂ ತಡೆದಿಲ್ಲ. ಡಯಾನಾ ಬಾಮ್‌ರಿಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1960ರ ದಶಕದಲ್ಲೇ ಮಕ್ಕಳನ್ನು ಬೆಳೆಸುವುದರಲ್ಲಿ ಮೂರು ಬಗೆ ಗುರುತಿಸಿದ್ದರು: ಬರೀ ಅಪ್ಪಣೆ, ಬರೀ ಸಡಿಲ, ಅಕ್ಕರೆಯ ಜೊತೆಗೇ ಕಟ್ಟುನಿಟ್ಟು. ಮಕ್ಕಳ ಮನಸ್ಸಿಗೆ ಹೆಚ್ಚು ಒಳ್ಳೆಯದೆಂದು ಕಂಡುಬಂದಿರುವುದು ಮೂರನೆಯದು.

ಅದು ಹೇಗಿರುತ್ತದೆಂದು ನೋಡಲು ಶನಿವಾರ ಇಲ್ಲಿನ ಸೂಪರ್‌ಮಾರ್ಕೆಟ್ಟಿಗೆ ಹೋಗಬೇಕು. 'ಲೋರ್ದಾಗ್ಸ್‌ಗೋಡಿಸ್', ಅಂದರೆ ಶನಿವಾರದ ಮಿಠಾಯಿ. ಗೋಡೆಯುದ್ದಕ್ಕೂ ಡಬ್ಬಗಳು, ಮಗುವಿನ ಕೈಯಲ್ಲೊಂದು ಕಾಗದದ ಚೀಲ. ಯಾವುದು ಬೇಕೆಂದು ಆರಿಸುವುದು ಮಗು. ಎಷ್ಟು, ಯಾವ ದಿನ ಅನ್ನುವುದು ಅಪ್ಪ ಅಮ್ಮನದು. ಮಂಗಳವಾರ ಹಟ ಹಿಡಿದರೆ ಗದರುವುದಿಲ್ಲ, ಉಪದೇಶವೂ ಇಲ್ಲ. "ಶನಿವಾರ" ಅಷ್ಟೇ, ಮೂರನೇ ಸಲವೂ ಅದೇ ದನಿಯಲ್ಲಿ. ನಾಲ್ಕನೇ ಸಲ ಸೋತು ಕೊಡಿಸಿದಿರೋ, ನಾಲ್ಕು ಸಲ ಅತ್ತರೆ ಸಿಗುತ್ತದೆಂದು ಮಗು ಕಲಿಯುತ್ತದೆ. ಮುಂದಿನ ವಾರ ಅಳು ಇನ್ನೂ ಉದ್ದ. ಟ್ಯಾಬ್‌ಗೂ ಇದೇ ಲೆಕ್ಕ: ಹೊತ್ತನ್ನು ಮೊದಲೇ ಹೇಳಿ, ಮುಗಿಯಲು ಹತ್ತು ನಿಮಿಷ ಇರುವಾಗ ನೆನಪಿಸಿ, ಆಮೇಲೆ ಚರ್ಚೆ ಬೇಡ. ಅತ್ತರೆ ಪಕ್ಕದಲ್ಲಿ ಕೂತಿರಿ.

ಶಾಲೆಯಲ್ಲಿ ಸಾಮಾನ್ಯವಾಗಿ ಆರನೇ ಕ್ಲಾಸಿಗೆ ಗ್ರೇಡ್ ಶುರು. ಅದಕ್ಕೆ ಮುಂಚಿನಿಂದಲೂ ಟರ್ಮಿಗೊಮ್ಮೆ ಟೀಚರು ಅಪ್ಪ ಅಮ್ಮನ ಜೊತೆ ಮಗುವನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. "ನಿನಗೆ ಯಾವುದು ಕಷ್ಟ?" ಎಂದು ಮಗುವನ್ನು ಕೇಳಿದರೆ, ಅದು ಬಾಯಿ ತೆರೆಯುವ ಮುಂಚೆಯೇ ನಮ್ಮವರು "ಮ್ಯಾತ್ಸ್ ವೀಕು" ಅಂದುಬಿಡುತ್ತಾರೆ. ಮಗು ಮೇಜಿನ ಅಂಚನ್ನು ಉಜ್ಜುತ್ತ ಕೂರುತ್ತದೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಮಗುವೇ ಹೇಳಲಿ.

ಬೆಳಿಗ್ಗೆ ಮಾತ್ರ ಬರುವ, ರಜೆಯ ದಿನ ಮಾಯವಾಗುವ ಹೊಟ್ಟೆನೋವು, ಕೆಟ್ಟ ನಿದ್ದೆ, ಗೆಳೆಯರನ್ನು ತೊರೆಯುವುದು ಎರಡು ವಾರ ದಾಟಿದರೆ ಕಾಯಬೇಡಿ. ಶಾಲೆಯ ನರ್ಸ್, 'ಕುರಾಟೋರ್' ಎನ್ನುವ ಆಪ್ತ ಸಲಹೆಗಾರರ ಹತ್ತಿರ ಮೊದಲು ಹೋಗಬಹುದು. ತೀವ್ರವಾಗಿದ್ದರೆ ಮಕ್ಕಳ ಮನೋವೈದ್ಯ ವಿಭಾಗ 'ಬುಪ್' ಇದೆ, ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಆರೋಗ್ಯ ಸಲಹೆಯ ಸಹಾಯವಾಣಿ 1177ಕ್ಕೆ ಫೋನ್. ಜೀವಕ್ಕೆ ಅಪಾಯ ಎನಿಸಿದರೆ 112. ಮಕ್ಕಳೇ ಕರೆ ಮಾಡಿ ಮಾತಾಡಲು ಬ್ರಿಸ್ ಸಹಾಯವಾಣಿ ಇದೆ, 116 111. ಈ ನಂಬರು ಮಗುವಿಗೆ ಗೊತ್ತಿರಲಿ; ಅಪ್ಪ ಅಮ್ಮನ ಮೇಲಿನ ದೂರಿಗೆ ಮಾತ್ರ ಅದು ಇರುವುದಲ್ಲ.

ಮೂರು ತಿಂಗಳ ವೀಸಾದಲ್ಲಿ ಬರುವ ಅಜ್ಜ ಅಜ್ಜಿಯರಲ್ಲಿ ಒಂದು ವಿನಂತಿ. "ಊಟ ಮಾಡದಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ" ಅನ್ನಬೇಡಿ. ದಾರಿ ತಪ್ಪಿದ ದಿನ ಮಗು ಓಡಬೇಕಾದದ್ದು ಆ ಪೊಲೀಸರ ಹತ್ತಿರಕ್ಕೇ. ಊರಿನಿಂದ ವಿಡಿಯೊ ಕಾಲ್ ಮಾಡಿದಾಗ "ಎಷ್ಟು ಮಾರ್ಕ್ಸ್ ಬಂತು?" ಅಂದರೆ ಎರಡನೇ ಕ್ಲಾಸಿನ ಕೂಸು ಏನು ಹೇಳೀತು? ಇವತ್ತು ಯಾರ ಜೊತೆ ಆಡಿದೆ ಎಂದು ಕೇಳಿ.