ಮುಠಾ ನದಿಯ ನೀರು ಮತ್ತು ಪತ್ತೆ ಮಿತಿಯ ಪ್ರಶ್ನೆ

ಪುಣೆಯಲ್ಲಿ ನೀರಿನ ಪರೀಕ್ಷೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಇಲ್ಲಿಯ ಕನ್ನಡ ಬಳಗದವರು ತಮ್ಮ ಸೊಸೈಟಿಯ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ವರದಿಗಳನ್ನು ಆಗಾಗ ಕಳುಹಿಸಿ, ‘ಎಲ್ಲ ಸರಿಯಿದೆಯಲ್ಲ?’ ಎಂದು ಕೇಳುತ್ತಾರೆ. ಗಡಸುತನ, ನೈಟ್ರೇಟ್, ಫ್ಲೋರೈಡ್, ಕೋಲಿಫಾರ್ಮ್‌ಗಳ ಮಟ್ಟಿಗೆ ಉತ್ತರ ಸುಲಭ. ಈಚಿನ ಕೆಲವು ವರದಿಗಳಲ್ಲಿ ಔಷಧಗಳ ಉಳಿಕೆ, ಹಾರ್ಮೋನು, ಪಿಎಫ್‌ಎಎಸ್ (ಸುಲಭವಾಗಿ ಒಡೆಯದ ಫ್ಲೋರಿನ್ ಸಂಯುಕ್ತಗಳ ಗುಂಪು) ಎಂಬ ಸಾಲುಗಳೂ ಸೇರಿಕೊಂಡಿವೆ. ಅವುಗಳ ಮುಂದೆ ಬಹುಪಾಲು ‘ಪತ್ತೆಯಾಗಿಲ್ಲ’ ಎಂದು ಬರೆದಿರುತ್ತದೆ. ಎಷ್ಟು ಪ್ರಮಾಣದವರೆಗೆ ಹುಡುಕಿ ಈ ಮಾತು ಬರೆದರು ಎಂಬುದನ್ನು ಮಾತ್ರ ಹೆಚ್ಚಿನ ವರದಿಗಳು ಹೇಳುವುದೇ ಇಲ್ಲ. ಇಂಥ ವಸ್ತುಗಳ ಪತ್ತೆ ಮಿತಿಯನ್ನು, ಅಂದರೆ ಪರೀಕ್ಷೆಗೆ ಕಾಣುವ ಅತಿ ಕಡಿಮೆ ಪ್ರಮಾಣವನ್ನು, ಪ್ರಯೋಗಾಲಯದಲ್ಲಿರುವ ಯಂತ್ರದ ಸಾಮರ್ಥ್ಯ ನೋಡಿ ನಿಗದಿಪಡಿಸುವ ರೂಢಿಯನ್ನು ಬಿಟ್ಟು, ಜೀವಿಗಳಿಗೆ ಹಾನಿ ಶುರುವಾಗುವ ಮಟ್ಟವನ್ನು ನೋಡಿ ನಿಗದಿಪಡಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ಅಳತೆಯ ಮಾನ ಲೀಟರಿಗೆ ನ್ಯಾನೊಗ್ರಾಂ, ಅಂದರೆ ನೂರು ಕೋಟಿ ಲೀಟರ್ ನೀರಿನಲ್ಲಿ ಒಂದು ಗ್ರಾಂ. ಪುಣೆಗೆ ಕುಡಿಯುವ ನೀರು ಕೊಡುವ ಖಡಕವಾಸ್ಲಾ ಜಲಾಶಯದ ಬಳಕೆಯೋಗ್ಯ ಸಂಗ್ರಹ 1.97 ಟಿಎಂಸಿ, ಲೀಟರಿನ ಲೆಕ್ಕದಲ್ಲಿ ಸುಮಾರು 5,580 ಕೋಟಿ. ತುಂಬಿದ ಆ ಜಲಾಶಯದಲ್ಲಿ 56 ಗ್ರಾಂ ವಸ್ತು ಸಮನಾಗಿ ಕರಗಿದರೆ ಲೀಟರಿಗೆ ಒಂದು ನ್ಯಾನೊಗ್ರಾಂ ಆಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರಲ್ಲಿ ಪಿಎಫ್‌ಓಎ ಮತ್ತು ಪಿಎಫ್‌ಓಎಸ್ ಎಂಬ ಎರಡು ಪಿಎಫ್‌ಎಎಸ್ ಸಂಯುಕ್ತಗಳಿಗೆ ಕುಡಿಯುವ ನೀರಿನಲ್ಲಿ ವಿಧಿಸಿದ ಮಿತಿ ಲೀಟರಿಗೆ ತಲಾ 4 ನ್ಯಾನೊಗ್ರಾಂ. ಖಡಕವಾಸ್ಲಾದ ಲೆಕ್ಕದಲ್ಲಿ ಇಡೀ ಜಲಾಶಯಕ್ಕೆ ಕಾಲು ಕಿಲೋಗಿಂತ ಕಡಿಮೆ.

ಅಣುಗಳನ್ನು ಅವುಗಳ ತೂಕದಿಂದ ಗುರುತಿಸಿ ಇಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗಳು ಈಗ ನಮ್ಮ ದೇಶದಲ್ಲಿಯೂ ಸಾಕಷ್ಟಿವೆ. ತೊಡಕು ಇರುವುದು ನೀರಿನಲ್ಲಿ. ಬೇಸಿಗೆಯಲ್ಲಿ ಅಣೆಕಟ್ಟಿನಿಂದ ನದಿಗೆ ಬಿಡುವ ನೀರು ತೀರ ಕಡಿಮೆಯಾದ್ದರಿಂದ ಪುಣೆಯ ಓಂಕಾರೇಶ್ವರ ದೇವಸ್ಥಾನದ ಬಳಿ ಮುಠಾದಲ್ಲಿ ಹರಿಯುವುದು ಹೆಚ್ಚಾಗಿ ಊರಿನ ಬಳಸಿದ ನೀರೇ. ಅದರ ಅರ್ಧ ಲೀಟರನ್ನು ಗಾಜುನಾರಿನ ಕಾಗದದಲ್ಲಿ ಸೋಸಲು ಹೊರಟರೆ ಕಾಗದ ಕೆಲವೇ ನಿಮಿಷಗಳಲ್ಲಿ ಕಪ್ಪು ಲೋಳೆಯಿಂದ ಕಟ್ಟಿಕೊಳ್ಳುತ್ತದೆ ಮತ್ತು ಅದನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ. ಸೋಸಿದ ನೀರನ್ನು ಪಾಲಿಮರ್ ತುಂಬಿದ ಕಾರ್ಟ್ರಿಜ್ ಮೂಲಕ ಹನಿಹನಿಯಾಗಿ ಹಾಯಿಸಿ, ಅದರಲ್ಲಿ ಹಿಡಿದುಕೊಂಡ ವಸ್ತುಗಳನ್ನು ಮೆಥನಾಲ್‌ನಿಂದ ಇಳಿಸಿ, ನೈಟ್ರೋಜನ್ ಗಾಳಿಯಲ್ಲಿ ಅರ್ಧ ಮಿಲಿಲೀಟರಿಗೆ ಬತ್ತಿಸಿದಾಗ ಔಷಧದ ಉಳಿಕೆ ಸಾವಿರ ಪಟ್ಟು ಸಾಂದ್ರವಾಗುತ್ತದೆ. ಅದರ ಜೊತೆಗೆ ನದಿಯ ಸಾಬೂನು, ಜಿಡ್ಡು, ಕೊಳೆತ ಸಸ್ಯಗಳಿಂದ ಬರುವ ಹ್ಯೂಮಿಕ್ ಆಮ್ಲಗಳೂ ಸಾಂದ್ರವಾಗುತ್ತವೆ. ಕೊನೆಗೆ ಸೀಸೆಯಲ್ಲಿ ಉಳಿಯುವ ದ್ರವ ತೆಳು ಕಾಫಿಯ ಬಣ್ಣದ್ದು. ಈ ಸಹವಾಸಿಗಳು ಯಂತ್ರದೊಳಗೆ ಅಯಾನುಗಳಾಗುವ ಹಂತದಲ್ಲಿ ನಾವು ಹುಡುಕುವ ಅಣುವಿನ ಸಂಕೇತವನ್ನು ಅಡಗಿಸಿಬಿಡುತ್ತವೆ. ಗೊತ್ತಿರುವ ಪ್ರಮಾಣದ ವಸ್ತುವನ್ನು ನಾವೇ ಮಾದರಿಗೆ ಬೆರೆಸಿ ಅಳೆದರೂ, ಸೇರಿಸಿದ್ದರಲ್ಲಿ ಅರ್ಧ ಕೂಡ ಕಾಣಿಸದ ಸಂದರ್ಭಗಳಿವೆ. ಆದ್ದರಿಂದಲೇ ಡ್ಯುಟೀರಿಯಂ ಅಥವಾ ಕಾರ್ಬನ್-13 (ಹೈಡ್ರೋಜನ್ ಮತ್ತು ಕಾರ್ಬನ್‌ಗಳ ಭಾರವಾದ ರೂಪಗಳು) ತುಂಬಿದ ಅದೇ ಅಣುವನ್ನು ಆರಂಭದಲ್ಲೇ ಬೆರೆಸಿ ನಷ್ಟವನ್ನು ಲೆಕ್ಕ ಹಾಕುತ್ತಾರೆ. ಇದು ದುಬಾರಿಯ ಕೆಲಸ, ಆದರೆ ಇದನ್ನು ಬಿಟ್ಟರೆ ಶುದ್ಧ ನೀರಿನಲ್ಲಿ ಸಾಧಿಸಿದ ಪತ್ತೆ ಮಿತಿಯನ್ನು ಮುಠಾದ ನೀರಿಗೆ ಅಂಟಿಸಿದಂತಾಗುತ್ತದೆ.

ಯಂತ್ರ ಕಾಣುವುದಕ್ಕಿಂತ ಕೆಳಗಿನ ಮಟ್ಟದಲ್ಲಿ ನಿಜಕ್ಕೂ ಹಾನಿಯಾಗುತ್ತದೆಯೇ ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಎಥಿನೈಲ್ ಎಸ್ಟ್ರಡಯಾಲ್, ಅಂದರೆ ಗರ್ಭನಿರೋಧಕ ಮಾತ್ರೆಗಳಲ್ಲಿರುವ ಕೃತಕ ಹಾರ್ಮೋನು. ಕೆನಡಾದಲ್ಲಿ ಪ್ರಯೋಗಕ್ಕೆಂದೇ ಮೀಸಲಾದ ಸರೋವರಗಳ ಪೈಕಿ 260ನೇ ಸಂಖ್ಯೆಯದಕ್ಕೆ 2001ರಿಂದ ಮೂರು ಬೇಸಿಗೆ ಇದನ್ನು ಲೀಟರಿಗೆ 5–6 ನ್ಯಾನೊಗ್ರಾಂ ಇರುವಂತೆ ಸೇರಿಸಲಾಯಿತು. ಗಂಡು ಮೀನುಗಳಲ್ಲಿ ಮೊಟ್ಟೆಯ ಪ್ರೋಟೀನ್ ಕಾಣಿಸಿಕೊಂಡಿತು, ಮರಿಗಳಾಗುವುದು ನಿಂತಿತು, ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಸಂತತಿ ಆ ಸರೋವರದಲ್ಲಿ ಹೆಚ್ಚುಕಡಿಮೆ ಅಳಿದುಹೋಯಿತು. ಇಂಥ ಪುರಾವೆಗಳನ್ನು ನೋಡಿದ ಯುರೋಪಿಯನ್ ಒಕ್ಕೂಟವು 2015ರ ತನ್ನ ನಿಗಾ ಪಟ್ಟಿಯಲ್ಲಿ ಈ ಹಾರ್ಮೋನನ್ನು ಅಳೆಯುವ ವಿಧಾನದ ಪತ್ತೆ ಮಿತಿ ಲೀಟರಿಗೆ 0.035 ನ್ಯಾನೊಗ್ರಾಂ ಮೀರಕೂಡದು ಎಂದು ಬರೆಯಿತು. ಅನೇಕ ಪ್ರಯೋಗಾಲಯಗಳು ಅಷ್ಟು ಕೆಳಗೆ ಇಳಿಯಲು ಹೆಣಗಾಡಿದ್ದು ನಿಜ, ಆದರೂ ಆ ಕ್ರಮ ಸರಿಯಾದದ್ದು: ಮೀನು ತಾಳುವ ಮಟ್ಟ ಮೊದಲು, ಯಂತ್ರದ ಮಟ್ಟ ಆಮೇಲೆ. ಲೀಟರಿಗೆ 1 ನ್ಯಾನೊಗ್ರಾಂವರೆಗೆ ಮಾತ್ರ ಕಾಣುವ ವಿಧಾನದಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂದರೆ, ಆ 0.035ರ ಸುಮಾರು 28 ಪಟ್ಟು ಹಾರ್ಮೋನು ಆ ನೀರಿನಲ್ಲಿದ್ದರೂ ಇರಬಹುದು.

ಅಪಾಯವನ್ನು ತೂಗುವ ಲೆಕ್ಕ ನೋಡಲು ಸರಳವಾಗಿದೆ. ನೀರಿನಲ್ಲಿ ಅಳೆದ ಪ್ರಮಾಣವನ್ನು ಪರಿಣಾಮ ಇರಲಾರದೆಂದು ಅಂದಾಜಿಸಿದ ಪ್ರಮಾಣದಿಂದ ಭಾಗಿಸಿದಾಗ ಉತ್ತರ ಒಂದನ್ನು ಮೀರಿದರೆ ಎಚ್ಚರ ವಹಿಸಬೇಕು. ಆದರೆ ಛೇದದಲ್ಲಿರುವ ಸಂಖ್ಯೆ ಸಾಮಾನ್ಯವಾಗಿ ಪಾಚಿ, ನೀರುಚಿಗಟೆ, ಮೀನು ಈ ಮೂರರ ಪರೀಕ್ಷೆಯಿಂದ ಬಂದದ್ದು. ಅಲ್ಪಾವಧಿಯ ಮಾಹಿತಿ ಮಾತ್ರ ಇದ್ದರೆ ಅದನ್ನು ಸಾವಿರದಿಂದ, ಮೂರೂ ಜೀವಿಗಳ ದೀರ್ಘಾವಧಿಯ ಮಾಹಿತಿ ಇದ್ದರೆ ಹತ್ತರಿಂದ ಭಾಗಿಸಿ ಪಡೆದದ್ದು. ಈ ಮೂರು ಜೀವಿಗಳು ಎಲ್ಲವನ್ನೂ ಹೇಳಲಾರವು. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ವಿಷಯದಲ್ಲಿ ಚಿಂತೆ ಇರುವುದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ, ಅವು ಮೇಲುಗೈ ಪಡೆಯದಂತೆ 2016ರಲ್ಲಿ ಪ್ರಸ್ತಾಪವಾದ ಮಿತಿ ಲೀಟರಿಗೆ 64 ನ್ಯಾನೊಗ್ರಾಂ. ಹೈದರಾಬಾದ್ ಬಳಿಯ ಪಟನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರನ್ನು ಸಂಸ್ಕರಿಸಿ ಹೊರಬಿಡುವ ಕಡೆ 2007ರಲ್ಲಿ ಪ್ರಕಟವಾದ ಅಧ್ಯಯನ ಕಂಡದ್ದು ಲೀಟರಿಗೆ 31 ಮಿಲಿಗ್ರಾಂವರೆಗೆ, ಅಂದರೆ 3.1 ಕೋಟಿ ನ್ಯಾನೊಗ್ರಾಂ. ನಮ್ಮ ಪರಿಸರ ಸಚಿವಾಲಯವು 2020ರ ಜನವರಿಯಲ್ಲಿ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿರುವ ಆಂಟಿಬಯೋಟಿಕ್‌ಗಳಿಗೆ ಮಿತಿ ಸೂಚಿಸುವ ಕರಡನ್ನು ಹೊರಡಿಸಿತ್ತು. ಮರುವರ್ಷದ ಅಂತಿಮ ನಿಯಮದಲ್ಲಿ ಆ ಮಿತಿಗಳು ಇರಲಿಲ್ಲ. ನನಗೆ ಇದು ಇಂದಿಗೂ ನೋವಿನ ಸಂಗತಿ.

ಪಟ್ಟಿಯಲ್ಲೇ ಇಲ್ಲದ ವಸ್ತುವಿನ ಪಾಡು ಇನ್ನೂ ಕಷ್ಟ. ಸಿಯಾಟಲ್ ಸುತ್ತಲಿನ ಹೊಳೆಗಳಲ್ಲಿ ಮಳೆಯಾದ ಮೇಲೆ ಕೋಹೊ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದುದಕ್ಕೆ ಕಾರಣ ಹುಡುಕಿದ ತಂಡವು ಟೈರ್ ಪುಡಿ ನೆನೆದ ನೀರನ್ನು ಭಾಗ ಭಾಗವಾಗಿ ಬೇರ್ಪಡಿಸುತ್ತ, ಯಾವ ಭಾಗದಲ್ಲಿ ಮೀನು ಸಾಯುತ್ತದೆ ಎಂದು ನೋಡುತ್ತ ಹೋಗಿ, 2020ರ ಡಿಸೆಂಬರಿನಲ್ಲಿ 6ಪಿಪಿಡಿ-ಕ್ವಿನೋನ್ ಎಂಬ ಅಣುವನ್ನು ಗುರುತಿಸಿತು. ಟೈರು ಬಿರುಕು ಬಿಡದಂತೆ ಬೆರೆಸುವ ರಾಸಾಯನಿಕವು ಓಝೋನ್ ಜೊತೆ ಸೇರಿದಾಗ ಹುಟ್ಟುವ ಈ ಅಣು ಕೋಹೊವನ್ನು ಕೊಲ್ಲುತ್ತದೆ, ಅದರ ಬಂಧು ಚಮ್ ಸಾಲ್ಮನ್‌ಗೆ ಏನೂ ಮಾಡುವುದಿಲ್ಲ. ಅರ್ಧದಷ್ಟು ಮೀನು ಸಾಯುವ ಪ್ರಮಾಣ ಲೀಟರಿಗೆ ಸುಮಾರು 800 ನ್ಯಾನೊಗ್ರಾಂ ಎಂದು ಮೊದಲು ಬರೆದವರು, ಶುದ್ಧ ಮಾನಕ ವಸ್ತು ಮಾರುಕಟ್ಟೆಗೆ ಬಂದ ಮೇಲೆ 2022ರಲ್ಲಿ ಅದನ್ನು 95ಕ್ಕೆ ಇಳಿಸಿದರು. ಪುಣೆಯ ರಸ್ತೆಗಳಲ್ಲಿಯೂ ಟೈರು ಸವೆಯುತ್ತದೆ, ಮೊದಲ ಮಳೆಗೆ ಅದೆಲ್ಲ ನದಿಗೇ ಇಳಿಯುತ್ತದೆ. ನಮ್ಮ ನದಿಯ ಯಾವ ಮೀನಿಗೆ ಅದು ವಿಷ ಎಂಬುದನ್ನು ಇಲ್ಲಿಯ ಮೀನುಗಳ ಮೇಲೆಯೇ ಪರೀಕ್ಷಿಸಬೇಕು.

ಮುಳಾ-ಮುಠಾ ಭೀಮೆಯನ್ನು ಸೇರಿ, ಉಜನಿಯಲ್ಲಿ ನಿಂತು, ಪಂಢರಪುರ ದಾಟಿ, ಗಾಣಗಾಪುರದಲ್ಲಿ ಅಮರಜೆಯನ್ನು ಕೂಡಿಕೊಂಡು, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತದೆ. ಪುಣೆ ಬಿಟ್ಟದ್ದೆಲ್ಲ ಕಲಬುರಗಿ ಮುಟ್ಟುತ್ತದೆ ಎಂದು ನಾನು ಹೇಳುವುದಿಲ್ಲ. ನೋವಿನ ಔಷಧ ಡೈಕ್ಲೋಫಿನಾಕ್ ಬಿಸಿಲಿಗೆ ಒಡೆಯುತ್ತದೆ. ಮೂರ್ಛೆರೋಗದ ಔಷಧ ಕಾರ್ಬಮಾಜೆಪೀನ್ ಸಂಸ್ಕರಣಾ ಘಟಕವನ್ನೂ ಹೆಚ್ಚುಕಡಿಮೆ ಹಾಗೆಯೇ ದಾಟಿ ದೂರ ಸಾಗುತ್ತದೆ. ಪಿಎಫ್‌ಎಎಸ್‌ನ ಫ್ಲೋರಿನ್ ಬಂಧ ಬಿಸಿಲಿಗೂ ಬ್ಯಾಕ್ಟೀರಿಯಾಕ್ಕೂ ಜಗ್ಗದು. ಆದ್ದರಿಂದ ಪುಣೆಯ ಬಂಡ್ ಗಾರ್ಡನ್, ಉಜನಿಯ ಕೆಳಗೆ, ಗಾಣಗಾಪುರ ಈ ಮೂರು ಕಡೆ ಬೇಸಿಗೆಯಲ್ಲೊಮ್ಮೆ, ಮೊದಲ ಮಳೆಯಲ್ಲೊಮ್ಮೆ ಒಂದೇ ವಿಧಾನದಿಂದ ಮಾದರಿ ತೆಗೆದು, ಕಾರ್ಬಮಾಜೆಪೀನ್ ಅನ್ನು ಗುರುತಿನ ವಸ್ತುವಾಗಿ ಹಿಡಿದು, ಉಳಿದವು ಎಲ್ಲಿ ಕಡಿಮೆಯಾಗುತ್ತವೆ ಎಂದು ನೋಡುವ ಕೆಲಸವನ್ನು ಎರಡೂ ರಾಜ್ಯಗಳ ವಿಶ್ವವಿದ್ಯಾಲಯಗಳು ಕೂಡಿ ಮಾಡಬಹುದು. ಅಣುಗಳ ತೂಕವನ್ನು ಅತಿ ನಿಖರವಾಗಿ ದಾಖಲಿಸುವ ಹೈ ರೆಸಲ್ಯೂಷನ್ ಯಂತ್ರದ ಕಚ್ಚಾ ದತ್ತಾಂಶವನ್ನು ಅಳಿಸದೆ ಇಟ್ಟರೆ, ಇಂದು ಹೆಸರಿಲ್ಲದ ಅಣುವನ್ನು ಹತ್ತು ವರ್ಷಗಳ ನಂತರವೂ ಅದೇ ಕಡತದಲ್ಲಿ ಹುಡುಕಬಹುದು. ಅಲ್ಲಿಯವರೆಗೆ ನಿಮ್ಮ ಕೈಗೆ ವರದಿ ಬಂದಾಗ ಪ್ರಯೋಗಾಲಯದವರನ್ನು ಎರಡು ವಿಷಯ ಕೇಳಿ: ಪತ್ತೆ ಮಿತಿ ಎಷ್ಟು, ಮತ್ತು ನಮ್ಮದೇ ನೀರಿಗೆ ಬೆರೆಸಿ ಅಳೆದಾಗ ಶೇಕಡಾ ಎಷ್ಟು ಮರಳಿ ಸಿಕ್ಕಿತು.